ಅಪಾಯದ ಅಂದಾಜು ರಾಷ್ಟ್ರೀಯ ನೀತಿಯಾಗುವುದು ಹೇಗೆ: ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

2013ರ ಜನವರಿಯಲ್ಲಿ ಜರ್ಮನಿಯ ಕೇಂದ್ರ ಸರ್ಕಾರ ಅಲ್ಲಿನ ಸಂಸತ್ತಿಗೆ ಒಂದು ವರದಿ ಸಲ್ಲಿಸಿತು. ಸಾರ್ಸ್ ವೈರಾಣುವನ್ನು ಹೋಲುವ ಹೊಸದೊಂದು ವೈರಾಣು ಏಷ್ಯಾದಿಂದ ಹೊರಟು ದೇಶದೊಳಗೆ ಬಂದರೆ ಏನಾದೀತು ಎಂಬುದನ್ನು ಅದರಲ್ಲಿ ಲೆಕ್ಕ ಹಾಕಲಾಗಿತ್ತು. ಮೂರು ವರ್ಷಗಳಲ್ಲಿ ಮೂರು ಅಲೆ, ಮೊದಲ ಅಲೆಯಲ್ಲೇ ಸುಮಾರು 2.9 ಕೋಟಿ ಜನರಿಗೆ ಕಾಯಿಲೆ, ಒಟ್ಟು 75 ಲಕ್ಷ ಸಾವು ಎಂಬುದು ಆ ಕಲ್ಪಿತ ಸನ್ನಿವೇಶದ ಅಂದಾಜು. ಔಷಧಿ, ರಕ್ಷಣಾ ಉಡುಪು, ಸೋಂಕುನಿವಾರಕಗಳಿಗೆ ಬೇಡಿಕೆ ಏರಿ ಅಭಾವ ಉಂಟಾಗುತ್ತದೆ ಎಂಬ ಮಾತೂ ಅಲ್ಲಿತ್ತು. ಏಳು ವರ್ಷಗಳ ನಂತರ ಕೋವಿಡ್ ಬಂದಾಗ ಅದೇ ದೇಶದ ಆಸ್ಪತ್ರೆಗಳು ಮಾಸ್ಕ್ ಮತ್ತು ರಕ್ಷಣಾ ಉಡುಪುಗಳಿಗಾಗಿ ಪರದಾಡಿದವು. ವಿಶ್ಲೇಷಣೆ ತಪ್ಪಾಗಿರಲಿಲ್ಲ. ಅದನ್ನು ಮಾಡಿದವರು ನುರಿತವರು, ಮಾಡಿಸಿದ ಕಾನೂನು ಸ್ಪಷ್ಟವಾಗಿತ್ತು, ಸಂಸತ್ತಿಗೂ ಅದು ತಲುಪಿತ್ತು. ಆದರೆ ವರದಿ ಹೇಳಿದ ಕೊರತೆಯನ್ನು ಯಾರು, ಯಾವ ಹಣದಿಂದ, ಯಾವ ದಿನಾಂಕದೊಳಗೆ ತುಂಬಬೇಕು ಎಂಬುದು ಎಲ್ಲಿಯೂ ನಿಗದಿಯಾಗಿರಲಿಲ್ಲ.

ಒಂದು ಸರ್ಕಾರ ಅಪಾಯ ವಿಶ್ಲೇಷಣೆಯನ್ನು ಅಳವಡಿಸಿಕೊಂಡಿದೆ ಎಂದು ಯಾವಾಗ ಹೇಳಬಹುದು ಎಂಬ ಪ್ರಶ್ನೆಯನ್ನು ಈ ಲೇಖನ ಹಂತ ಹಂತವಾಗಿ ಬಿಡಿಸಿಡುತ್ತದೆ. ವಿಪತ್ತು ನಿರ್ವಹಣೆಯ ಕಡತಗಳನ್ನು ಸಿದ್ಧಪಡಿಸುವ ಅಧಿಕಾರಿಗಳು, ಅವುಗಳ ಮೇಲೆ ಸಭೆಯಲ್ಲಿ ಮಾತನಾಡಬೇಕಾದ ಪಂಚಾಯಿತಿ ಮತ್ತು ಪಾಲಿಕೆ ಸದಸ್ಯರು, ವಿದ್ಯಾರ್ಥಿಗಳು, ಪತ್ರಕರ್ತರು, ಜೊತೆಗೆ ತಮ್ಮ ಊರಿನ ಹೊಳೆ ಅಥವಾ ಗುಡ್ಡದ ಬಗ್ಗೆ ಆತಂಕವಿರುವ ಯಾರೇ ಆದರೂ ಇದನ್ನು ಬಳಸಬಹುದು. ಉದಾಹರಣೆಗಳನ್ನು ಮುಖ್ಯವಾಗಿ ಯುರೋಪಿನಿಂದ ಮತ್ತು ಭಾರತದಿಂದ ತೆಗೆದುಕೊಂಡಿದ್ದೇನೆ.

ಮೊದಲ ಹೆಜ್ಜೆ: ಯಾರು ಮಾಡಬೇಕು ಎಂಬುದನ್ನು ಕಾನೂನು ಹೇಳಲಿ

ಅಪಾಯದ ಅಂದಾಜು ಸದುದ್ದೇಶದಿಂದ ಮಾತ್ರ ನಡೆದರೆ ಅಧಿಕಾರಿಯ ವರ್ಗಾವಣೆಯೊಂದಿಗೆ ಅದೂ ನಿಂತುಹೋಗುತ್ತದೆ. ಆದ್ದರಿಂದ ಮೊದಲು ಬೇಕಾದದ್ದು ಶಾಸನಬದ್ಧ ಹೊಣೆ. ಬ್ರಿಟನ್ನಿನಲ್ಲಿ 2004ರ ನಾಗರಿಕ ತುರ್ತುಸ್ಥಿತಿಗಳ ಕಾಯಿದೆ ಸ್ಥಳೀಯ ಸಂಸ್ಥೆಗಳು, ಪೊಲೀಸ್, ಅಗ್ನಿಶಾಮಕ ಮತ್ತು ಆರೋಗ್ಯ ಸೇವೆಗಳ ಮೇಲೆ ಅಪಾಯಗಳನ್ನು ಅಂದಾಜಿಸುವ ಕರ್ತವ್ಯವನ್ನು ಹೊರಿಸಿತು. ಜರ್ಮನಿಯಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಜೊತೆಗೂಡಿ ದೇಶವ್ಯಾಪಿ ವಿಶ್ಲೇಷಣೆ ನಡೆಸಬೇಕು, 2010ರಿಂದ ಪ್ರತಿ ವರ್ಷ ಸಂಸತ್ತಿಗೆ ಅದರ ಫಲಿತಾಂಶ ತಿಳಿಸಬೇಕು ಎಂದು ನಾಗರಿಕ ರಕ್ಷಣೆಯ ಕಾಯಿದೆಯಲ್ಲೇ ಬರೆಯಲಾಗಿದೆ. ಐರೋಪ್ಯ ಒಕ್ಕೂಟವು 2013ರ ತನ್ನ ನಾಗರಿಕ ರಕ್ಷಣಾ ನಿರ್ಣಯದಲ್ಲಿ ಸದಸ್ಯ ದೇಶಗಳೆಲ್ಲ ಅಪಾಯ ಅಂದಾಜಿನ ಸಾರಾಂಶವನ್ನು 2015ರ ಡಿಸೆಂಬರ್ 22ರೊಳಗೆ, ನಂತರ ಮೂರು ವರ್ಷಗಳಿಗೊಮ್ಮೆ ಒಪ್ಪಿಸಬೇಕೆಂದು ಗಡುವು ವಿಧಿಸಿತು.

ಭಾರತದಲ್ಲಿ ಈ ಹೊಣೆಯ ಮೂಲ 2005ರ ವಿಪತ್ತು ನಿರ್ವಹಣಾ ಕಾಯಿದೆ. ಅದರ 31ನೆಯ ಸೆಕ್ಷನ್ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ಜಿಲ್ಲೆಯ ಯಾವ ಪ್ರದೇಶ ಯಾವ ಬಗೆಯ ವಿಪತ್ತಿಗೆ ಸುಲಭವಾಗಿ ತುತ್ತಾಗುತ್ತದೆ ಎಂಬುದು ಅದರಲ್ಲಿರಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎನ್ನುತ್ತದೆ. ಕಾಯಿದೆಯ ಮಾತು ನೆಲಕ್ಕಿಳಿಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೆ ಒಂದು ಅಳತೆಗೋಲು ಬೇಕಿದ್ದರೆ, ಅದೇ ಕಾಯಿದೆ ಕೇಳಿದ್ದ ಮೊದಲ ರಾಷ್ಟ್ರೀಯ ಯೋಜನೆ ಹೊರಬಂದದ್ದು 2016ರಲ್ಲಿ ಎಂಬುದನ್ನು ನೆನಪಿಡಬೇಕು. 2025ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ರಾಷ್ಟ್ರ ಮತ್ತು ರಾಜ್ಯ ಮಟ್ಟದ ವಿಪತ್ತು ದತ್ತಾಂಶ ಕೋಶಗಳನ್ನು ಕೇಳಿದೆ. ಅಪಾಯಗಳನ್ನು ಅವುಗಳ ಬಗೆ ಮತ್ತು ತೀವ್ರತೆಗೆ ಅನುಗುಣವಾಗಿ ದಾಖಲಿಸುವ ರಿಸ್ಕ್ ರಿಜಿಸ್ಟರ್, ಹಣ ಹಂಚಿಕೆ ಮತ್ತು ಖರ್ಚಿನ ವಿವರ ಎರಡೂ ಅದೇ ಕೋಶದಲ್ಲಿರಬೇಕು. ಅಪಾಯದ ಪಟ್ಟಿ ಮತ್ತು ಖರ್ಚಿನ ಪಟ್ಟಿ ಒಂದೇ ಜಾಗದಲ್ಲಿ ಕೂರುವುದು ಬಹಳ ದೊಡ್ಡ ಮಾತೆಂದು ನಾನು ಭಾವಿಸುತ್ತೇನೆ. ಏಕೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಎರಡನೆಯ ಹೆಜ್ಜೆ: ಒಂದೇ ಪದಕ್ಕೆ ಒಂದೇ ಅರ್ಥ

ಕೃಷಿ, ಕಂದಾಯ, ಆರೋಗ್ಯ, ನೀರಾವರಿ ಇಲಾಖೆಗಳು ಒಂದೇ ಮೇಜಿನ ಸುತ್ತ ಕುಳಿತಾಗ ಮೊದಲು ಎದುರಾಗುವ ತೊಡಕು ಪದಗಳದು. ಗಂಡಾಂತರ ಎಂದರೆ ಹೊಳೆ ಉಕ್ಕುವುದು, ಗುಡ್ಡ ಜಾರುವುದು, ಭೂಮಿ ನಡುಗುವುದು. ಅದರ ದಾರಿಯಲ್ಲಿ ಎಷ್ಟು ಜನ, ಮನೆ, ಶಾಲೆ, ಸೇತುವೆಗಳಿವೆ ಎಂಬುದು ಬೇರೆಯೇ ಲೆಕ್ಕ. ಹಾಗೆ ದಾರಿಯಲ್ಲಿರುವವರಲ್ಲಿ ಪೆಟ್ಟು ತಾಳಿಕೊಳ್ಳಲಾಗದವರು ಯಾರು ಎಂಬುದು ದುರ್ಬಲತೆಯ ಲೆಕ್ಕ. ಈ ಮೂರೂ ಸೇರಿದಾಗ ಮಾತ್ರ ಅದನ್ನು ಅಪಾಯ ಎನ್ನಬೇಕು. ನಮ್ಮ ಜಿಲ್ಲಾ ಯೋಜನೆಗಳಲ್ಲಿ ಎಚ್‌ಆರ್‌ವಿಸಿಎ (ಗಂಡಾಂತರ, ಅಪಾಯ, ದುರ್ಬಲತೆ ಮತ್ತು ಸಾಮರ್ಥ್ಯದ ವಿಶ್ಲೇಷಣೆ) ಎಂದು ಕರೆಯುವ ಅಧ್ಯಾಯ ಈ ಮೂರಕ್ಕೆ ಸಾಮರ್ಥ್ಯವನ್ನೂ ಸೇರಿಸಿಕೊಳ್ಳುತ್ತದೆ.

ಈ ಭೇದ ಕೇವಲ ಶಾಸ್ತ್ರದ ಮಾತಲ್ಲ. 2021ರ ಜುಲೈ 14ರ ರಾತ್ರಿ ಜರ್ಮನಿಯ ಆರ್ ಕಣಿವೆಯಲ್ಲಿ ಹೊಳೆ ಉಕ್ಕಿದಾಗ ಜಿಂಜಿಗ್ ಪಟ್ಟಣದ ವಿಕಲಚೇತನರ ವಸತಿಗೃಹವೊಂದರಲ್ಲಿ 12 ಮಂದಿ ಮುಳುಗಿ ಸತ್ತರು. ನೀರು ಎಲ್ಲಿಗೆ ಬರುತ್ತದೆ ಎಂಬ ನಕ್ಷೆಯ ಜೊತೆಗೆ ತಾವಾಗಿ ಎದ್ದು ಹೋಗಲಾರದವರು ಎಲ್ಲಿ ಮಲಗಿದ್ದಾರೆ ಎಂಬ ಪಟ್ಟಿಯೂ ಬೇಕು. ನಿಮ್ಮ ಜಿಲ್ಲೆಯ ಯೋಜನೆಯನ್ನು ತೆರೆದಾಗ ವೃದ್ಧಾಶ್ರಮ, ವಿದ್ಯಾರ್ಥಿನಿಲಯ, ಡಯಾಲಿಸಿಸ್ ಕೇಂದ್ರ, ವಲಸೆ ಕಾರ್ಮಿಕರ ಶೆಡ್ಡುಗಳು ಅದರಲ್ಲಿವೆಯೇ ಎಂದು ಮೊದಲು ನೋಡಿ. ನಾನಂತೂ ಯಾವ ಯೋಜನೆಯನ್ನು ಕೈಗೆತ್ತಿಕೊಂಡರೂ ಮೊದಲು ಹುಡುಕುವುದು ಆ ಪುಟವನ್ನೇ.

ಮೂರನೆಯ ಹೆಜ್ಜೆ: ಸನ್ನಿವೇಶವನ್ನು ಬರೆಯುವುದು

ನೆರೆ, ಬರ, ಭೂಕಂಪ ಎಂದು ಪಟ್ಟಿ ಮಾಡುವುದು ವಿಶ್ಲೇಷಣೆಯಲ್ಲ. ಯಾವ ತಿಂಗಳಲ್ಲಿ, ಎಷ್ಟು ಮಳೆಯಿಂದ, ಯಾವ ಜಲಾಶಯದ ಯಾವ ಮಟ್ಟದಲ್ಲಿ, ಎಷ್ಟು ಗಂಟೆಗಳ ಮುನ್ಸೂಚನೆಯೊಂದಿಗೆ ನೆರೆ ಬಂದಿತು, ಮೊದಲ ದಿನ ಯಾವ ರಸ್ತೆ ಕಡಿದುಹೋಯಿತು, ವಿದ್ಯುತ್ ಎಷ್ಟು ದಿನ ಇರಲಿಲ್ಲ ಎಂಬಂತೆ ಒಂದು ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆಯುವುದು ಸನ್ನಿವೇಶ. ನೆದರ್ಲೆಂಡ್ಸ್ 2007ರ ತನ್ನ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರದಲ್ಲಿ ಈ ವಿಧಾನವನ್ನು ಅಳವಡಿಸಿಕೊಂಡು, ನೆರೆಯಿಂದ ಸಾಂಕ್ರಾಮಿಕದವರೆಗೆ ಎಲ್ಲ ಸನ್ನಿವೇಶಗಳನ್ನೂ ಪ್ರಾಣಹಾನಿ, ಆರ್ಥಿಕ ನಷ್ಟ, ಪರಿಸರ ಹಾನಿ, ಸಾಮಾಜಿಕ ಸ್ಥಿರತೆ ಮುಂತಾದ ಒಂದೇ ಅಳತೆಗಳಲ್ಲಿ ಅಳೆಯಿತು. ಜರ್ಮನಿ ಪ್ರತಿ ವರ್ಷ ಒಂದೆರಡು ಸನ್ನಿವೇಶಗಳನ್ನು ಆಳವಾಗಿ ತೆಗೆದುಕೊಂಡಿತು: 2012ರಲ್ಲಿ ನೆರೆ ಮತ್ತು ಸಾಂಕ್ರಾಮಿಕ, 2013ರಲ್ಲಿ ಚಳಿಗಾಲದ ಬಿರುಗಾಳಿ, 2014ರಲ್ಲಿ ಸಮುದ್ರದ ಉಬ್ಬರದ ನೆರೆ, 2018ರಲ್ಲಿ ಬರ.

ಇಲ್ಲಿ ಎರಡು ಕಡೆ ಹೆಚ್ಚು ಎಚ್ಚರ ಬೇಕು. ಮೊದಲನೆಯದು, ಚರಿತ್ರೆಯಲ್ಲಿ ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದು. ಆರ್ ಹೊಳೆಯ ಅಧಿಕೃತ ನೆರೆ ನಕ್ಷೆಗಳು ನಿಂತಿದ್ದುದು 1947ರ ಈಚಿನ ಮಾಪನಗಳ ಮೇಲೆ. ಆದರೆ ಅದೇ ಕಣಿವೆಯಲ್ಲಿ 1804ರಲ್ಲಿ ಮತ್ತು 1910ರಲ್ಲಿ ಭೀಕರ ನೆರೆಗಳು ಬಂದಿದ್ದವು, ಅವುಗಳ ದಾಖಲೆಗಳೂ ಇದ್ದವು. ಮಾಪಕದಲ್ಲಿ ಅಳೆದದ್ದಲ್ಲ ಎಂಬ ಕಾರಣಕ್ಕೆ ಅವು ಲೆಕ್ಕದಿಂದ ಹೊರಗುಳಿದವು. 2021ರಲ್ಲಿ ಆ ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಜನ ಸತ್ತರು, ನೀರಿನ ಮಟ್ಟ ಅಳೆಯಬೇಕಿದ್ದ ಮಾಪಕವೇ ಕೊಚ್ಚಿಹೋಯಿತು. ನಮ್ಮ ಪಕ್ಕದಲ್ಲೇ ನಡೆದದ್ದನ್ನೂ ನೆನೆಯಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಆ ಪ್ರದೇಶ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. ಬೀದರ್ ಮತ್ತು ಕಲಬುರಗಿಯ ಜನರಿಗೂ ಆ ನಡುಕದ ಅನುಭವವಾಗಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ಕೈಬಿಡಲಾಯಿತು. ಆದ್ದರಿಂದ ಸನ್ನಿವೇಶ ಬರೆಯುವಾಗ ಮಾಪಕದ ದತ್ತಾಂಶದ ಜೊತೆಗೆ ಹಳೆಯ ಗೆಜೆಟಿಯರ್, ಶಾಸನ, ದೇವಸ್ಥಾನದ ಮೆಟ್ಟಿಲ ಮೇಲಿನ ನೀರಿನ ಗುರುತು, ಊರಿನ ಹಿರಿಯರ ನೆನಪು ಎಲ್ಲವೂ ಮೇಜಿನ ಮೇಲಿರಲಿ. ಅವುಗಳಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ತಜ್ಞರು ನಿರ್ಧರಿಸಲಿ, ಆದರೆ ಮೊದಲೇ ಹೊರಗಿಡುವುದು ಬೇಡ.

ಎರಡನೆಯದು, ಒಂದೇ ಸನ್ನಿವೇಶಕ್ಕೆ ಕಟ್ಟುಬೀಳುವ ತಪ್ಪು. ಬ್ರಿಟನ್ ಪ್ರತಿ ಅಪಾಯಕ್ಕೂ ನಂಬಲರ್ಹವಾದ ಅತಿ ಕೆಟ್ಟ ಸನ್ನಿವೇಶ ಒಂದನ್ನು ಆರಿಸಿಕೊಳ್ಳುತ್ತಿತ್ತು. ಸಾಂಕ್ರಾಮಿಕದ ವಿಷಯದಲ್ಲಿ ಅದು ಇನ್‌ಫ್ಲುಯೆಂಜಾ ಆಗಿತ್ತು. ಕೋವಿಡ್ ಕುರಿತ ಅಲ್ಲಿನ ಸಾರ್ವಜನಿಕ ವಿಚಾರಣೆ 2024ರ ಜುಲೈನಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿ, ದೇಶ ತಪ್ಪು ಸಾಂಕ್ರಾಮಿಕಕ್ಕೆ ಸಿದ್ಧವಾಗಿತ್ತು ಎಂದು ಹೇಳಿ, ಒಂದರ ಬದಲು ಹಲವು ಸನ್ನಿವೇಶಗಳನ್ನು ಪರಿಗಣಿಸಬೇಕೆಂದು ಶಿಫಾರಸು ಮಾಡಿತು. ಒಂದೇ ಗಂಡಾಂತರಕ್ಕೆ ಕನಿಷ್ಠ ಮೂರು ಚಿತ್ರಗಳಿರಲಿ: ಆಗಾಗ ಬರುವಂಥದ್ದು, ತಲೆಮಾರಿಗೊಮ್ಮೆ ಬರುವಂಥದ್ದು, ಯಾರೂ ಕಂಡಿರದಿದ್ದರೂ ಸಾಧ್ಯವಿರುವಂಥದ್ದು.

ನಾಲ್ಕನೆಯ ಹೆಜ್ಜೆ: ಸಂಭವ ಮತ್ತು ಪರಿಣಾಮದ ಅಂಕಿ

ಪ್ರತಿ ಸನ್ನಿವೇಶಕ್ಕೂ ಅದು ಸಂಭವಿಸುವ ಸಾಧ್ಯತೆ ಎಷ್ಟು, ಸಂಭವಿಸಿದರೆ ಪರಿಣಾಮ ಎಷ್ಟು ಎಂದು ಸಾಮಾನ್ಯವಾಗಿ ಐದು ದರ್ಜೆಗಳಲ್ಲಿ ಅಂಕ ಕೊಟ್ಟು ಚೌಕಪಟ್ಟಿಯಲ್ಲಿ ಕೂರಿಸುತ್ತಾರೆ. ಇದು ಹೋಲಿಕೆಗೆ ಅನುಕೂಲ. ಆದರೆ ಅತಿ ಹೆಚ್ಚು ಅಪಾಯವೆಂದು ಕೆಂಪು ಬಳಿದ ಚೌಕದಲ್ಲಿ ಬಿದ್ದದ್ದಕ್ಕೆ ಮಾತ್ರ ಗಮನ ಕೊಡುವ ಅಭ್ಯಾಸ ಬಂದುಬಿಟ್ಟರೆ, ಅಪರೂಪವಾದರೂ ಸರ್ವನಾಶ ಮಾಡಬಲ್ಲ ಸಂಗತಿಗಳು ಮೂಲೆಗೆ ಸರಿಯುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ನೂರು ವರ್ಷಕ್ಕೊಮ್ಮೆಯ ನೆರೆ ಎಂದರೆ ಈಗ ಬಂದುಹೋದದ್ದು ಇನ್ನು ನೂರು ವರ್ಷ ಬರುವುದಿಲ್ಲ ಎಂದಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರರಲ್ಲಿ ಒಂದು ಎಂದು ಅರ್ಥ. ಹೊಳೆದಂಡೆಯಲ್ಲಿ 30 ವರ್ಷದ ಸಾಲ ಮಾಡಿ ಮನೆ ಕಟ್ಟಿದ ಕುಟುಂಬ, ಆ ಸಾಲ ತೀರುವ ಮೊದಲು ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಸುಮಾರು ನೂರಕ್ಕೆ 26. ಇದನ್ನು ಗ್ರಾಮಸಭೆಯಲ್ಲಿ ಹೀಗೆ ಬಿಡಿಸಿ ಹೇಳಿದರೆ ಜನರಿಗೆ ತಕ್ಷಣ ಅರ್ಥವಾಗುತ್ತದೆ.

ನಕ್ಷೆಯ ಅಳತೆಯನ್ನೂ ಗಮನಿಸಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತ ಸಾಧ್ಯತೆಯ ರಾಷ್ಟ್ರೀಯ ನಕ್ಷೆಗಳನ್ನು ಸಿದ್ಧಪಡಿಸಿರುವುದು 1:50,000 ಪ್ರಮಾಣದಲ್ಲಿ. ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ತಾಲ್ಲೂಕಿನ ಯಾವ ಸಾಲು ಗುಡ್ಡಗಳಿಗೆ ಮೊದಲ ಆದ್ಯತೆ ಎಂಬುದನ್ನು ಅದರಿಂದ ನಿರ್ಧರಿಸಬಹುದು, ಯಾವ ಮನೆಯನ್ನು ತೆರವು ಮಾಡಿಸಬೇಕು ಎಂಬುದನ್ನಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನ ಹೆದ್ದಾರಿ ಬದಿಯಲ್ಲಿ ಗುಡ್ಡ ಕುಸಿದದ್ದನ್ನು ಕಂಡ ನಮಗೆ, ರಸ್ತೆಗಾಗಿ ಕಡಿದ ಪ್ರತಿ ಇಳಿಜಾರಿಗೂ ಸ್ಥಳದಲ್ಲೇ ನಿಂತು ಮಾಡುವ ಪ್ರತ್ಯೇಕ ಪರೀಕ್ಷೆ ಬೇಕೆಂಬುದು ಸ್ಪಷ್ಟವಾಗಿರಬೇಕು.

ಐದನೆಯ ಹೆಜ್ಜೆ: ಕೊರತೆಯ ಪಟ್ಟಿ

ಇಡೀ ಪ್ರಕ್ರಿಯೆಯ ಹೃದಯ ಇದು, ಅತಿ ಹೆಚ್ಚು ಬಾರಿ ಬಿಟ್ಟುಹೋಗುವುದೂ ಇದೇ. ಸನ್ನಿವೇಶ ಸಿದ್ಧವಾದ ಮೇಲೆ ಒಂದು ಹಾಳೆಯಲ್ಲಿ ಐದು ಅಂಕಣ ಹಾಕಿ: ಈ ಸನ್ನಿವೇಶ ನಮ್ಮಿಂದ ಏನು ಬೇಡುತ್ತದೆ, ನಮ್ಮಲ್ಲಿ ಈಗ ಏನಿದೆ, ಕೊರತೆ ಎಷ್ಟು, ಅದನ್ನು ತುಂಬಬೇಕಾದ ಹುದ್ದೆ ಯಾವುದು, ಯಾವ ದಿನಾಂಕದೊಳಗೆ. ದೋಣಿ, ಹಾಸಿಗೆ, ಆಮ್ಲಜನಕ, ಜನರೇಟರ್, ಈಜು ಬಲ್ಲ ಸಿಬ್ಬಂದಿ, ಕುಡಿಯುವ ನೀರಿನ ಟ್ಯಾಂಕರ್, ಹೀಗೆ ಎಣಿಸಬಹುದಾದ ವಸ್ತುಗಳಲ್ಲೇ ಬರೆಯಬೇಕು. ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂಬ ವಾಕ್ಯ ಈ ಹಾಳೆಯಲ್ಲಿ ಬರಕೂಡದು.

2013ರ ಜನವರಿಯಲ್ಲಿ ಸಂಸತ್ತಿಗೆ ಹೋದ ಜರ್ಮನಿಯ 2012ರ ಸಾಂಕ್ರಾಮಿಕ ವಿಶ್ಲೇಷಣೆ ಎಡವಿದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಯುದ್ಧಕಾಲದ ನಾಗರಿಕ ರಕ್ಷಣೆ ಕೇಂದ್ರದ್ದು, ಉಳಿದ ವಿಪತ್ತುಗಳೆಲ್ಲ ರಾಜ್ಯಗಳ ಹೊಣೆ. ವಿಶ್ಲೇಷಣೆ ಮಾಡಿದವರು ಒಂದು ಮಟ್ಟದಲ್ಲಿ, ದಾಸ್ತಾನು ಕೊಳ್ಳಬೇಕಾದವರು ಇನ್ನೊಂದು ಮಟ್ಟದಲ್ಲಿ. ಬ್ರಿಟನ್ನಿನಲ್ಲೂ 2016ರಲ್ಲಿ ನಡೆದ ಸಿಗ್ನಸ್ ಎಂಬ ಅಣಕು ಕಾರ್ಯಾಚರಣೆ ತೀವ್ರ ಸಾಂಕ್ರಾಮಿಕವನ್ನು ಎದುರಿಸಲು ದೇಶದ ಸಿದ್ಧತೆ ಸಾಲದು ಎಂದು ತೋರಿಸಿಕೊಟ್ಟಿತ್ತು. ಕೊರತೆ ಗೊತ್ತಾಗಿತ್ತು, ತುಂಬುವ ಕೆಲಸ ಪೂರ್ಣವಾಗಲಿಲ್ಲ. ಭಾರತದಲ್ಲಿ ವಿಪತ್ತು ನಿರ್ವಹಣೆ ಸಂವಿಧಾನದ ಏಳನೆಯ ಅನುಸೂಚಿಯ ಯಾವ ಪಟ್ಟಿಯಲ್ಲೂ ಹೆಸರಿಸಿದ ವಿಷಯವಲ್ಲ. ಕೇಂದ್ರ, ರಾಜ್ಯ, ಜಿಲ್ಲೆಗಳ ನಡುವೆ ಜಾರಿಹೋಗುವ ಸಂಭವ ನಮ್ಮಲ್ಲೂ ಅಷ್ಟೇ ಇದೆ. ಅದಕ್ಕೇ ನಾಲ್ಕನೆಯ ಅಂಕಣದಲ್ಲಿ ಇಲಾಖೆಯ ಹೆಸರು ಸಾಲದು, ಹುದ್ದೆಯ ಹೆಸರಿರಬೇಕು.

ಇದನ್ನು ಸರಿಯಾಗಿ ಮಾಡಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1999ರ ಅಕ್ಟೋಬರ್‌ನ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು 10,000 ಜನ ಸತ್ತರು. ಅದೇ ವರ್ಷ ರಾಜ್ಯ ಸರ್ಕಾರ ವಿಪತ್ತುಗಳಿಗಾಗಿಯೇ ಪ್ರತ್ಯೇಕ ಪ್ರಾಧಿಕಾರ ಸ್ಥಾಪಿಸಿತು. ಕೊರತೆಯನ್ನು ಅವರು ಎಣಿಸಬಹುದಾದ ರೂಪದಲ್ಲೇ ಬರೆದುಕೊಂಡರು: ಕರಾವಳಿಯ ಜನ ಓಡಿ ಸೇರಬಲ್ಲ ದೂರದಲ್ಲಿ ಆಶ್ರಯ ಕಟ್ಟಡಗಳಿಲ್ಲ, ಎಚ್ಚರಿಕೆ ಕೊನೆಯ ಮನೆಗೆ ತಲುಪುವುದಿಲ್ಲ, ತೆರವು ಮಾಡಿಸಲು ತರಬೇತಾದ ಸ್ಥಳೀಯರಿಲ್ಲ. ಮುಂದಿನ ವರ್ಷಗಳಲ್ಲಿ ನೂರಾರು ಆಶ್ರಯಗಳು ಎದ್ದವು. 2013ರಲ್ಲಿ ಫೈಲಿನ್ ಚಂಡಮಾರುತ ಅಪ್ಪಳಿಸಿದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಕರೆದೊಯ್ಯಲಾಗಿತ್ತು. ಸತ್ತವರ ಸಂಖ್ಯೆ 50ನ್ನು ಮುಟ್ಟಲಿಲ್ಲ.

ಆರನೆಯ ಹೆಜ್ಜೆ: ಎಷ್ಟು ಸುರಕ್ಷತೆ ಸಾಕು, ಅದಕ್ಕೆ ಎಷ್ಟು ಹಣ

ಯಾವ ದೇಶವೂ ಎಲ್ಲ ಅಪಾಯವನ್ನೂ ಸೊನ್ನೆಗೆ ಇಳಿಸಲಾರದು. ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ಸರ್ಕಾರ ಬಹಿರಂಗವಾಗಿ ನಿರ್ಧರಿಸಬೇಕು. ಈ ಕೆಲಸವನ್ನು ನೆದರ್ಲೆಂಡ್ಸ್‌ನಷ್ಟು ನೇರವಾಗಿ ಮಾಡಿದವರು ಕಡಿಮೆ. 1953ರ ಫೆಬ್ರುವರಿ 1ರ ನಸುಕಿನಲ್ಲಿ ಉತ್ತರ ಸಮುದ್ರ ಉಕ್ಕಿ ಅಲ್ಲಿ 1,836 ಜನ ಸತ್ತರು. ಇಂಥ ನೆರೆಯಿಂದ ದೇಶವನ್ನು ಕಾಯುವ ಬಗೆ ಸೂಚಿಸಲು ಅದೇ ತಿಂಗಳು ನೇಮಕವಾದ ಡೆಲ್ಟಾ ಸಮಿತಿಗಾಗಿ ಗಣಿತಜ್ಞ ಡೇವಿಡ್ ವಾನ್ ಡಾಂಟ್ಸಿಗ್ ಒಂದು ಲೆಕ್ಕ ಕಟ್ಟಿದರು. ಒಡ್ಡನ್ನು ಇನ್ನಷ್ಟು ಎತ್ತರಿಸಲು ತಗಲುವ ಖರ್ಚು ಒಂದೆಡೆ, ಹಾಗೆ ಎತ್ತರಿಸಿದ ಮೇಲೂ ನೆರೆಯಿಂದ ಆಗಬಹುದಾದ ನಷ್ಟದ ಅಂದಾಜು ಇನ್ನೊಂದೆಡೆ, ಎರಡನ್ನೂ ಕೂಡಿಸಿದಾಗ ಮೊತ್ತ ಅತಿ ಕಡಿಮೆಯಾಗುವ ಎತ್ತರವೇ ಸರಿಯಾದ ಎತ್ತರ. ಆ ದಾರಿಯಲ್ಲಿ ಮಧ್ಯ ಹಾಲೆಂಡಿಗೆ 10,000 ವರ್ಷಕ್ಕೊಮ್ಮೆಯ ನೀರಿನ ಮಟ್ಟವನ್ನು ತಾಳಬಲ್ಲ ರಕ್ಷಣೆ ಎಂಬ ಮಾನದಂಡ ಬಂದಿತು. 2017ರಲ್ಲಿ ಜಾರಿಗೆ ಬಂದ ಹೊಸ ಮಾನದಂಡಗಳ ಗುರಿ ಇನ್ನೂ ನೇರವಾಗಿದೆ: 2050ರ ಹೊತ್ತಿಗೆ, ಒಡ್ಡಿನ ಹಿಂದೆ ವಾಸಿಸುವ ಯಾವುದೇ ವ್ಯಕ್ತಿ ನೆರೆಯಿಂದ ಸಾಯುವ ಸಾಧ್ಯತೆ ವರ್ಷಕ್ಕೆ ಒಂದು ಲಕ್ಷದಲ್ಲಿ ಒಂದನ್ನು ಮೀರಕೂಡದು. ಇದು ಕಾನೂನಿನಲ್ಲಿದೆ, ಒಡ್ಡುಗಳನ್ನು ಇದಕ್ಕೆ ಎದುರಾಗಿ ಪರೀಕ್ಷಿಸಲಾಗುತ್ತದೆ, ಇದಕ್ಕೆಂದೇ ಪ್ರತ್ಯೇಕ ನಿಧಿಯಿದೆ.

ಸಣ್ಣ ಊರಿನ ಮಟ್ಟದಲ್ಲೂ ಇದೇ ತರ್ಕವನ್ನು ಬಳಸಬಹುದು. ಕಲ್ಪಿತ ಉದಾಹರಣೆಯೊಂದನ್ನು ನೋಡಿ. ಸರಾಸರಿ 25 ವರ್ಷಕ್ಕೊಮ್ಮೆ ಬರುವ ನೆರೆಯಿಂದ ಒಂದು ಪಟ್ಟಣಕ್ಕೆ 100 ಕೋಟಿ ರೂಪಾಯಿ ನಷ್ಟವಾಗುವುದಾದರೆ, ವರ್ಷದ ಲೆಕ್ಕದಲ್ಲಿ ಅದು 4 ಕೋಟಿ. 30 ಕೋಟಿಯ ರಾಜಕಾಲುವೆ ಕಾಮಗಾರಿ ಆ ನಷ್ಟವನ್ನು ಅರ್ಧಕ್ಕೆ ಇಳಿಸಿದರೆ, ನಿರ್ವಹಣೆಯ ಖರ್ಚನ್ನು ಬಿಟ್ಟು, 15 ವರ್ಷಗಳಲ್ಲಿ ಹಾಕಿದ ಹಣಕ್ಕೆ ಸಮನಾಗುತ್ತದೆ. ಪ್ರಾಣದ ಬೆಲೆ ಇದರಲ್ಲಿ ಸೇರಿಲ್ಲ, ಸೇರಿಸಲೂ ಬಾರದು. ಅದಕ್ಕೆ ಡಚ್ಚರಂತೆ ಬೇರೆಯೇ ಒಂದು ಮಿತಿಯನ್ನು ಇಟ್ಟುಕೊಳ್ಳುವುದು ಸರಿಯಾದ ದಾರಿ.

ಭಾರತದಲ್ಲಿ ಹಣದ ಕೊಂಡಿಯನ್ನು ಬಲಪಡಿಸಿದ್ದು 15ನೆಯ ಹಣಕಾಸು ಆಯೋಗ. 2021ರಿಂದ 2026ರ ಅವಧಿಗೆ ರಾಜ್ಯಗಳಿಗೆ ಅದು ಶಿಫಾರಸು ಮಾಡಿದ ಸುಮಾರು 1.6 ಲಕ್ಷ ಕೋಟಿ ರೂಪಾಯಿಗಳಲ್ಲಿ ಶೇ. 80 ಪರಿಹಾರ ಮತ್ತು ಸ್ಪಂದನೆಗೆ, ಶೇ. 20 ಉಪಶಮನಕ್ಕೆ, ಅಂದರೆ ಆಗುವ ಮೊದಲೇ ತಡೆಯುವುದಕ್ಕೆ ಮೀಸಲು. ರಾಜ್ಯಗಳ ಪಾಲನ್ನು ನಿರ್ಧರಿಸುವಾಗ ಹಿಂದಿನ ಖರ್ಚಿನ ಜೊತೆಗೆ ವಿಪತ್ತು ಅಪಾಯ ಸೂಚ್ಯಂಕವನ್ನೂ ಅದು ಬಳಸಿತು. ಅಪಾಯದ ಅಂದಾಜು ರೂಪಾಯಿಯಾಗಿ ಬದಲಾಗುವ ಕ್ಷಣ ಇದು. ಐದರಲ್ಲಿ ಒಂದು ಪಾಲು ಸಾಲದು ಎಂದು ನನಗೆ ಅನ್ನಿಸುತ್ತದೆ, ಆದರೆ ಆ ಪಾಲು ಕಾಗದದ ಮೇಲೆ ಬಂದದ್ದೇ ಮುಖ್ಯ. ನಿಮ್ಮ ಜಿಲ್ಲೆಯ ಉಪಶಮನ ಕಾಮಗಾರಿಗಳ ಪಟ್ಟಿಯನ್ನು ಅದೇ ಜಿಲ್ಲೆಯ ಅಪಾಯದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದದಿದ್ದರೆ, ವಿಶ್ಲೇಷಣೆ ನಡೆದಿದೆ, ಅಳವಡಿಕೆ ನಡೆದಿಲ್ಲ.

ಏಳನೆಯ ಹೆಜ್ಜೆ: ಪ್ರಕಟಣೆ ಮತ್ತು ಪರಿಷ್ಕರಣೆ

ಬ್ರಿಟನ್ ತನ್ನ ರಾಷ್ಟ್ರೀಯ ಅಪಾಯ ನೋಂದಣಿಯ ಸಾರ್ವಜನಿಕ ರೂಪವನ್ನು ಮೊದಲು ಹೊರತಂದದ್ದು 2008ರಲ್ಲಿ. 2023ರ ಆವೃತ್ತಿಯಲ್ಲಿ 89 ಅಪಾಯಗಳನ್ನು ಹಿಂದೆಂದಿಗಿಂತ ಹೆಚ್ಚು ಬಿಚ್ಚಿ ಹೇಳಲಾಗಿದೆ. ಜನ ಹೆದರುತ್ತಾರೆ ಎಂಬ ಕಾರಣಕ್ಕೆ ಇಂಥ ಪಟ್ಟಿಗಳನ್ನು ಮುಚ್ಚಿಡುವುದು ತಪ್ಪು. ತನ್ನ ಮನೆ ನೆರೆಯ ರೇಖೆಯೊಳಗಿದೆ ಎಂದು ತಿಳಿದವನೇ ಎಚ್ಚರಿಕೆಯ ಗಂಟೆಗೆ ಓಗೊಡುತ್ತಾನೆ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಯುರೋಪಿನ ಬಹಳಷ್ಟು ವಿಮಾನಗಳನ್ನು ನೆಲಕ್ಕಿಳಿಸಿದಾಗ ಬ್ರಿಟನ್ನಿನ ನೋಂದಣಿಯಲ್ಲಿ ಆ ಅಪಾಯವೇ ಇರಲಿಲ್ಲ, 2012ರ ಆವೃತ್ತಿಯಲ್ಲಿ ಸೇರಿಸಿಕೊಂಡರು. ಪಟ್ಟಿ ಎಂದೂ ಮುಗಿಯುವಂಥದ್ದಲ್ಲವಾದ್ದರಿಂದ ಪರಿಷ್ಕರಣೆಯ ದಿನಾಂಕವನ್ನು ಮೊದಲೇ ನಿಗದಿ ಮಾಡಬೇಕು.

ನಮ್ಮಲ್ಲಿ ಈ ಕೆಲಸವನ್ನು ಓದುಗರೂ ಶುರುಮಾಡಬಹುದು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳು, ಚುನಾಯಿತ ಸ್ಥಳೀಯ ಸಂಸ್ಥೆಯ ಪ್ರತಿನಿಧಿ ಸಹ-ಅಧ್ಯಕ್ಷರು. ಯೋಜನೆಯ ಪ್ರತಿ ಜಿಲ್ಲೆಯ ಜಾಲತಾಣದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, 30 ದಿನಗಳಲ್ಲಿ ಉತ್ತರ ಬರಬೇಕು. ಅರ್ಜಿಯಲ್ಲಿ ನಾಲ್ಕೇ ಪ್ರಶ್ನೆಗಳಿರಲಿ: ಯೋಜನೆಯನ್ನು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಯಾವುದು, ನಮ್ಮ ತಾಲ್ಲೂಕಿನಲ್ಲಿ ಗುರುತಿಸಿರುವ ಅಪಾಯದ ಸ್ಥಳಗಳು ಯಾವುವು, ಆ ಸ್ಥಳಗಳಿಗೆ ಉಪಶಮನ ನಿಧಿಯಿಂದ ಇಲ್ಲಿಯವರೆಗೆ ಎಷ್ಟು ಖರ್ಚಾಗಿದೆ, ಉಳಿದ ಕೆಲಸದ ಹೊಣೆ ಯಾವ ಹುದ್ದೆಯವರದು. ಮುಂಗಾರಿಗೆ ಮೊದಲು ಉತ್ತರ ಕೈಗೆ ಬರಬೇಕಾದರೆ ಅರ್ಜಿಯನ್ನು ಮಾರ್ಚ್ ತಿಂಗಳಲ್ಲೇ ಹಾಕುವುದು ಒಳ್ಳೆಯದು.